ಯುಟಿವಿಗೆ ತಗಡಿನ ಟಾಪ್: ಕಾಮಾಕ್ಷಿಪಾಳ್ಯದ ಬೋರ್ಡಿಲ್ಲದ ಶೆಡ್ಡಿನ ಕೆಲಸ ಹೇಗಿದೆ?

ನಮ್ಮ ಯುಟಿವಿಗೆ, ಅಂದರೆ ತೋಟ, ಗುಡ್ಡದಲ್ಲಿ ಓಡಿಸುವ ನಾಲ್ಕು ಚಕ್ರದ ಸಣ್ಣ ಗಾಡಿಗೆ, ಟಾಪ್ ಮಾಡಿಸಿದ್ದು ಬೆಂಗಳೂರಿನ ಕಾಮಾಕ್ಷಿಪಾಳ್ಯದ ಇಂಡಸ್ಟ್ರಿಯಲ್ ಏರಿಯಾದ ಒಳರಸ್ತೆಯ ಒಂದು ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ. ಆ ಶೆಡ್ಡಿಗೆ ಬೋರ್ಡೇ ಇಲ್ಲ. ಹಾಗಾಗಿ ಹೆಸರು ಹೇಳಿ ಹೊಗಳುವುದಕ್ಕೂ ಆಗಲ್ಲ, ಬೈಯುವುದಕ್ಕೂ ಆಗಲ್ಲ. ನನಗೆ ಎರಡೂ ಸ್ವಲ್ಪ ಸ್ವಲ್ಪ ಮಾಡಬೇಕಿದೆ. ಕೆಲಸಕ್ಕೆ ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕೂವರೆ. ಹೇಳಿದ ದಿನಕ್ಕೆ ಕೊಡುವ ವಿಷಯದಲ್ಲಿ ಒಂದು. ಅದೂ ಹೋದಾಗಲೆಲ್ಲ ಟೀ ತರಿಸಿದರು ಅನ್ನೋ ಕಾರಣಕ್ಕೆ.

ತಾವರೆಕೆರೆಯ ಆಚೆ ನಮ್ಮದೊಂದು ತೋಟ ಇದೆ. ತೆಂಗು, ಮಾವು, ಬೇಲಿ ಪಕ್ಕ ನಾಲ್ಕಾರು ಹಲಸು. ಮುಚ್ಚಿಹೋದ ಒಂದು ರೆಸಾರ್ಟಿನವರಿಂದ ಸೆಕೆಂಡ್ ಹ್ಯಾಂಡ್ ಯುಟಿವಿ ಕೊಂಡೆವು. ಎರಡು ಸೀಟು, ಕಾರಿನ ಥರ ಸ್ಟೇರಿಂಗ್, ಹಿಂದೆ ಕಾಯಿ, ಗೊಬ್ಬರ ಹಾಕಲು ಒಂದು ತೊಟ್ಟಿ. ಸುತ್ತ ದಪ್ಪ ಪೈಪಿನ ಪಂಜರ, ಮೇಲೆ ಬಟಾಬಯಲು. ರೆಸಾರ್ಟಿಗೆ ಬರುವವರಿಗೆ ಬಿಸಿಲು, ಕೆಸರು ಎಲ್ಲ ಮಜಾ. ನಾನು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ರಿಟೈರ್ ಆದವಳು, ನನಗೆ ನೆರಳು ಬೇಕು.

ಕಂಪನಿಯ ಪ್ಲಾಸ್ಟಿಕ್ ಟಾಪ್ ಹೊರದೇಶದಿಂದ ಬರಬೇಕು. ರೇಟ್ ಕೇಳಿ ಸುಮ್ನೆ ಫೋನ್ ಇಟ್ಟೆ. ಟಾರ್ಪಲ್ ಕಟ್ಟಿದರೆ ಸಾಕು ಅಂತ ನಮ್ಮ ಯಜಮಾನರು ಹೇಳಿದರು. ತೆಂಗಿನ ತೋಟದಲ್ಲಿ ಟಾರ್ಪಲ್ ಯಾವ ಮೂಲೆಗೆ? ಐವತ್ತು ಅಡಿ ಮೇಲಿನಿಂದ ಬೀಳುವ ಕಾಯಿ ನೆಲಕ್ಕೆ ಬರುವಷ್ಟರಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗ ದಾಟಿರುತ್ತದೆ. ಈ ಲೆಕ್ಕ ಒಂಬತ್ತನೇ ಕ್ಲಾಸಿನ ಮಕ್ಕಳೂ ಮಾಡುತ್ತಾರೆ. ಲೆಕ್ಕ ಹಾಕಿ ತೋರಿಸಿದ ಮೇಲೆ ಟಾರ್ಪಲ್ ಮಾತು ನಿಂತಿತು.

ಯುಟಿವಿ ರಸ್ತೆಗೆ ರಿಜಿಸ್ಟರ್ ಆಗುವ ಗಾಡಿಯಲ್ಲ. ಓಡಿಸಿಕೊಂಡು ಬರುವ ಹಾಗಿಲ್ಲ. ಬೊಲೆರೊ ಪಿಕಪ್‌ಗೆ ಏರಿಸಿ, ಹಗ್ಗ ಬಿಗಿದು, ಮಾಗಡಿ ರೋಡಿನಲ್ಲೇ ನೇರ ತಂದೆವು. ಬ್ಯಾಡರಹಳ್ಳಿ, ಸುಂಕದಕಟ್ಟೆ, ಸುಮನಹಳ್ಳಿ ಟ್ರಾಫಿಕ್ಕಿನಲ್ಲಿ ಎಲ್ಲರೂ ಇದನ್ನೇ ನೋಡುತ್ತಿದ್ದರು. ಒಬ್ಬ ಹುಡುಗ ಬೈಕ್ ಪಕ್ಕಕ್ಕೆ ತಂದು "ಆಂಟಿ, ಎಷ್ಟು ಕೊಡುತ್ತೆ?" ಅಂತ ಮೈಲೇಜ್ ಕೇಳಿದ.

ಇದಕ್ಕೂ ಮೊದಲು ಬೇರೆ ಒಂದು ಕಡೆ ವಿಚಾರಿಸಿದ್ದೆ. ಅಲ್ಲಿ ಗಾಡಿಯ ಫೋಟೊ ನೋಡಿದವರೇ "ಪೈಪಿಗೇ ವೆಲ್ಡಿಂಗ್ ಹೊಡೆದುಬಿಡೋಣ, ಜನ್ಮಕ್ಕೆ ಅಲ್ಲಾಡಲ್ಲ" ಅಂದಿದ್ದರು. ಈ ಶೆಡ್ಡಿನ ಮೇಸ್ತ್ರಿ ಮಾತು ಬೇರೆ. ಪಂಜರದ ಸುತ್ತ ಒಂದು ರೌಂಡ್ ಬಂದು, ಬೆರಳಿನಿಂದ ತಟ್ಟಿ ನೋಡಿ ಹೇಳಿದರು: "ಮೇಡಂ, ಈ ಪೈಪಿಗೆ ನಾನು ಕಿಡಿನೂ ತಾಗ್ಸಲ್ಲ, ಡ್ರಿಲ್ಲೂ ಹಾಕಲ್ಲ. ಬೇರೆ ಹೆಂಗಾದ್ರೂ ಕೂರಿಸ್ತೀನಿ."

ಇದೊಂದಕ್ಕೇ ನಾನು ಅಲ್ಲಿ ಕೆಲಸ ಕೊಟ್ಟೆ. ಆ ಪಂಜರಕ್ಕೆ ರೋಪ್ಸ್ (ROPS) ಅನ್ನುತ್ತಾರೆ. ಗಾಡಿ ಪಲ್ಟಿಯಾದರೆ ಒಳಗಿರುವವರ ಮೇಲೆ ಭಾರ ಬೀಳದಂತೆ ತಡೆಯುವುದು ಅದೇ. ವೆಲ್ಡಿಂಗ್ ಬಿಸಿ ತಗುಲಿದ ಜಾಗದಲ್ಲಿ ಪೈಪಿನ ಗುಣ ಬದಲಾಗುತ್ತದೆ. ತೂತು ಹಾಕಿದರೆ ಅದು ಬಾಗುವುದು ಅಲ್ಲಿಂದಲೇ ಶುರುವಾಗಬಹುದು. ಗಾಡಿಯ ಮ್ಯಾನುಯಲ್ ಕೂಡ ಇದನ್ನೇ ಹೇಳುತ್ತದೆ. ಮೇಸ್ತ್ರಿ ಮ್ಯಾನುಯಲ್ ಓದಿಲ್ಲ, ಕೈಗೆ ಗೊತ್ತಿದೆ. ಪೈಪಿನ ಸುತ್ತ ಎರಡು ಹೋಳಿನ ಕ್ಲ್ಯಾಂಪ್ ಹಾಕಿ, ಒಳಗೆ ರಬ್ಬರ್ ಕೊಟ್ಟು, ಬೋಲ್ಟ್ ಬಿಗಿದರು. ಆರು ಕ್ಲ್ಯಾಂಪ್. ನಾಳೆ ಟಾಪ್ ಬೇಡ ಅಂದರೆ ಸ್ಪ್ಯಾನರ್ ಹಿಡಿದು ಬಿಚ್ಚಬಹುದು, ಪಂಜರಕ್ಕೆ ಗೀರೂ ಇರಲ್ಲ. ಒಂದು ಮಾತು: ಟಾಪ್ ಇರುವುದು ಬಿಸಿಲು, ಮಳೆ, ತೆಂಗಿನಕಾಯಿಗೆ. ಗಾಡಿ ಮಗುಚಿದರೆ ಕಾಪಾಡುವುದು ಪಂಜರ ಮತ್ತು ಸೀಟ್ ಬೆಲ್ಟ್, ತಗಡು ಅಲ್ಲ.

ಶೀಟ್ ಯಾವುದು ಅನ್ನುವುದರಲ್ಲಿ ಮಾತ್ರ ನಾವಿಬ್ಬರೂ ಜಗಳಕ್ಕೇ ಕೂತೆವು. ನನ್ನ ತಲೆಯಲ್ಲಿ ಇದ್ದದ್ದು 18 ಗೇಜಿನ ಕಬ್ಬಿಣ, ಅಂದರೆ ಸುಮಾರು 1.2 ಎಂಎಂ. ಅಗ್ಗ, ಯಾವ ಊರಿನಲ್ಲಾದರೂ ವೆಲ್ಡ್ ಆಗುತ್ತದೆ. ಮೇಸ್ತ್ರಿಗೆ 2 ಎಂಎಂ ಅಲ್ಯೂಮಿನಿಯಂ ಬೇಕು. "ತಲೆ ಮೇಲೆ ಭಾರ ಜಾಸ್ತಿ ಆದ್ರೆ ಗಾಡಿ ಇಳಿಜಾರಲ್ಲಿ ವಾಲುತ್ತೆ" ಅಂತ ಅವರ ವಾದ. ಚಾಕ್‌ಪೀಸ್ ತಗೊಂಡು ಶೆಡ್ಡಿನ ನೆಲದ ಮೇಲೇ ಲೆಕ್ಕ ಮಾಡಿದೆ. ಒಂದು ಚದರ ಮೀಟರ್, 1 ಎಂಎಂ ದಪ್ಪ: ಕಬ್ಬಿಣ 7.85 ಕೆಜಿ, ಅಲ್ಯೂಮಿನಿಯಂ 2.7 ಕೆಜಿ. ನಮಗೆ ಬೇಕಿದ್ದುದು ಐದೂವರೆ ಅಡಿಗೆ ನಾಲ್ಕು ಅಡಿ, ಎರಡು ಚದರ ಮೀಟರ್ ಲೆಕ್ಕ. ಕಬ್ಬಿಣವಾದರೆ 19 ಕೆಜಿ, ಅಲ್ಯೂಮಿನಿಯಂ 11. ಎಂಟು ಕೆಜಿ ಉಳಿತಾಯ, ಅದೂ ಗಾಡಿಯ ನೆತ್ತಿಯ ಮೇಲೆ.

ಆದರೆ ಅಲ್ಯೂಮಿನಿಯಂ ಮೆತ್ತಗೆ ಅಲ್ವಾ ಅಂದೆ. ಇಲ್ಲಿ ಗಣಿತ ನನ್ನ ವಿರುದ್ಧವೇ ತಿರುಗಿತು. ಶೀಟಿನ ದಪ್ಪ ಎರಡರಷ್ಟಾದರೆ ಬಾಗದೆ ನಿಲ್ಲುವ ಶಕ್ತಿ ಎಂಟರಷ್ಟಾಗುತ್ತದೆ, ದಪ್ಪದ ಘನದ ಲೆಕ್ಕದಲ್ಲಿ. ಅಲ್ಯೂಮಿನಿಯಂ ಕಬ್ಬಿಣದ ಮೂರನೇ ಒಂದರಷ್ಟು ಮಾತ್ರ ಬಿರುಸು. ಆದರೂ 2 ಎಂಎಂ ಅಲ್ಯೂಮಿನಿಯಂ 1.2 ಎಂಎಂ ಕಬ್ಬಿಣಕ್ಕಿಂತ ಒಂದೂವರೆ ಪಟ್ಟು ಗಟ್ಟಿ ನಿಲ್ಲುತ್ತದೆ. ಮೇಸ್ತ್ರಿ ನೆಲದ ಮೇಲಿನ ಚಾಕ್‌ಪೀಸ್ ಗೆರೆ ನೋಡಿ "ಅದೇ ನಾನು ಹೇಳಿದ್ದು" ಅಂದರು.

ಕಾಸು ಜಾಸ್ತಿ ಆಯಿತು, ನಿಜ. ಕಬ್ಬಿಣದ ಹಾಗೆ ಸಾದಾ ಆರ್ಕ್ ಮೆಷಿನ್ನಿನಲ್ಲಿ ಅಲ್ಯೂಮಿನಿಯಂ ವೆಲ್ಡ್ ಆಗಲ್ಲ, ಆರ್ಗಾನ್ ಗ್ಯಾಸ್ ಬಿಟ್ಟು ಮಾಡುವ ಟಿಗ್ ವೆಲ್ಡಿಂಗ್ ಬೇಕು. ಅದಕ್ಕೆ ಅವರು ವೆಲ್ಡಿಂಗೇ ಕೈಬಿಟ್ಟು ಅಲ್ಯೂಮಿನಿಯಂ ಚೌಕ ಪೈಪಿನ ಫ್ರೇಮ್ ಮಾಡಿ ಪಾಪ್ ರಿವೆಟ್ ಹೊಡೆದರು. ತುದಿ ಮುಚ್ಚಿರುವ ರಿವೆಟ್ಟೇ ಹಾಕಿದರು, ಯಾಕೆಂದರೆ ಸಾದಾ ರಿವೆಟ್ಟಿನ ನಡುವಿನ ತೂತಿನಿಂದ ನೀರು ತೊಟ್ಟಿಕ್ಕುತ್ತದೆ. ಅಲ್ಯೂಮಿನಿಯಂ ಮತ್ತು ಕಬ್ಬಿಣ ಒಂದಕ್ಕೊಂದು ತಾಗಿ ಮಧ್ಯೆ ನೀರು ನಿಂತರೆ ಅಲ್ಯೂಮಿನಿಯಂ ಬೆಳ್ಳಗೆ ಪುಡಿಯಾಗುತ್ತದೆ. ಕ್ಲ್ಯಾಂಪ್ ಒಳಗಿನ ರಬ್ಬರಿಗೆ ಅವೆರಡೂ ತಾಗದಂತೆ ತಡೆಯುವ ಕೆಲಸವೂ ಇದೆ.

ಈ ಮೇಸ್ತ್ರಿ ಮೊದಲು ಏಸಿ ಡಕ್ಟ್ ಕೆಲಸ ಮಾಡುತ್ತಿದ್ದವರಂತೆ. ಅದು ಕೆಲಸದಲ್ಲಿ ಕಾಣುತ್ತದೆ. ಚಪ್ಪಟೆ ಶೀಟನ್ನು ಹಾಗೇ ಕೂರಿಸಲಿಲ್ಲ. ಮೂಲೆಯಿಂದ ಮೂಲೆಗೆ ಇಂಟು ಮಾರ್ಕಿನ ಥರ ತೆಳುವಾಗಿ ಮಡಿಕೆ ಕೊಡಿಸಿದರು. ಡಕ್ಟ್ ಮಾಡುವವರು ಶೀಟ್ ಬಡಿದುಕೊಳ್ಳದಿರಲಿ ಅಂತ ಮಾಡುವ ಉಪಾಯ ಇದು. ನಡುಭಾಗ ಒಂಚೂರು ಉಬ್ಬುತ್ತದೆ, ನೀರೂ ನಿಲ್ಲಲ್ಲ. ಟಾಪ್ ಹಿಂದಕ್ಕೆ ಒಂದೂವರೆ ಇಂಚು ವಾಟ. ಎರಡೂ ಪಕ್ಕ ಸಣ್ಣ ಕಾಲುವೆ. ಮುಂದಿನ ಅಂಚಿಗೆ ಮಾತ್ರ ಒಂದು ಇಂಚು ಮೇಲೆದ್ದ ತಡೆ. ಅದು ಯಾಕೆ ಅಂತ ಮಳೆಗಾಲದಲ್ಲಿ ಅರ್ಥವಾಯಿತು: ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಮೇಲಿನ ನೀರೆಲ್ಲ ಮುಂದಕ್ಕೆ ನುಗ್ಗುತ್ತದೆ. ತಡೆ ಇಲ್ಲದಿದ್ದರೆ ನೇರ ನಮ್ಮ ಮಡಿಲಿಗೆ.

ಈಗ ಬೈಗುಳದ ಭಾಗ. ಬೆಂಡಿಂಗ್ ಮೆಷಿನ್ ಈ ಶೆಡ್ಡಿನಲ್ಲಿ ಇಲ್ಲ. ಕಾಮಾಕ್ಷಿಪಾಳ್ಯದಲ್ಲಿ ಕೆಲಸ ನಡೆಯುವುದೇ ಹೀಗೆ. ಕಟಿಂಗ್ ಒಂದು ಕಡೆ, ಬೆಂಡಿಂಗ್ ಆ ತಿರುವಿನಲ್ಲಿ, ಪೌಡರ್ ಕೋಟಿಂಗ್ (ಬಣ್ಣದ ಪುಡಿ ಹಾಕಿ ಒಲೆಯಲ್ಲಿ ಬೇಯಿಸುವುದು) ಹಿಂದಿನ ರಸ್ತೆಯಲ್ಲಿ. ಶೀಟನ್ನು ಇಬ್ಬರು ಹುಡುಗರು ತಲೆ ಮೇಲೆ ಹೊತ್ತು ಹೋಗುತ್ತಾರೆ. ಪ್ರತಿ ಕಡೆಯೂ ಕ್ಯೂ. ದೊಡ್ಡ ಆರ್ಡರ್ ಬಂದರೆ ನಮ್ಮ ಒಂದು ಶೀಟ್ ಗೋಡೆಗೆ ಒರಗಿ ನಿಂತುಬಿಡುತ್ತದೆ. ಇದು ನನಗೆ ಅರ್ಥವಾಗುತ್ತದೆ. ಅರ್ಥವಾಗದ್ದು ಮೇಸ್ತ್ರಿಯ "ನಾಳೆ ಪಕ್ಕಾ". ಒಂದು ವಾರ ಆಗುತ್ತೆ ಅಂದಿದ್ದರೆ ನಾನು ನಾಗರಬಾವಿಯಿಂದ ಆಟೋ ಹಿಡಿದು ಬರುತ್ತಲೇ ಇರಲಿಲ್ಲ.

ಬಣ್ಣದ್ದು ಇನ್ನೊಂದು ಕತೆ. ನಾನು ಕೇಳಿದ್ದು ಬಿಳಿ, ಬಿಸಿಲು ಹೀರಬಾರದು ಅಂತ. ಪೌಡರ್ ಕೋಟಿಂಗ್ ಒಲೆ 180ರಿಂದ 200 ಡಿಗ್ರಿ ಬಿಸಿಯಲ್ಲಿ ನಡೆಯುತ್ತದೆ, ಒಂದು ಬಣ್ಣದ ಮಾಲು ಸಾಕಷ್ಟು ಸೇರಿದ ಮೇಲೇ ಹಚ್ಚುತ್ತಾರೆ. ಬೆಂಗಳೂರಿನ ಗೇಟು, ಗ್ರಿಲ್ಲು ಎಲ್ಲ ಈಗ ಕಪ್ಪು. ಬಿಳಿಗೆ ಜೊತೆ ಸಿಗಲಿಲ್ಲ. "ಕಪ್ಪು ಮಾಡ್ಸಿ ಮೇಡಂ, ಸಕ್ಕತ್ತಾಗಿರುತ್ತೆ" ಅಂತ ಅಲ್ಲಿನ ಹುಡುಗ ಪುಸಲಾಯಿಸಿದ. ನಾನು ಒಪ್ಪಲಿಲ್ಲ, ಕಾದೆ. ನೀವೂ ಕಾಯಿರಿ. ಏಪ್ರಿಲ್ ಮಧ್ಯಾಹ್ನ ಕಪ್ಪು ತಗಡಿನ ಕೆಳಗೆ ಕೂತು ನೋಡಿ ಗೊತ್ತಾಗುತ್ತದೆ.

ಮಳೆಯ ಸದ್ದಿನ ಬಗ್ಗೆ ಯಾರೂ ಎಚ್ಚರಿಸಿರಲಿಲ್ಲ. ಬೆಂಗಳೂರಿಗೆ ವರ್ಷಕ್ಕೆ ಬೀಳುವುದು 970 ಮಿಲಿಮೀಟರ್ ಆಸುಪಾಸು, ಅದರಲ್ಲಿ ಸೆಪ್ಟೆಂಬರಿನ ಪಾಲೇ ಹೆಚ್ಚು. ಆ ಸಂಜೆಗಳಲ್ಲಿ ಟಾಪ್ ತಮಟೆ ಬಡಿದ ಹಾಗೆ ಬಡಿಯುತ್ತಿತ್ತು. ಇಂಟು ಮಾರ್ಕ್ ಮಡಿಕೆ ಗಾಡಿಯ ನಡುಕಕ್ಕೆ ಮದ್ದು, ಮಳೆ ಹನಿಗೆ ಅಲ್ಲ. ಜೆಸಿ ರೋಡಿನಿಂದ ಕಾರಿನ ಬಾಗಿಲ ಒಳಗೆ ಅಂಟಿಸುವ ಬ್ಯೂಟೈಲ್ ಶೀಟ್ ತಂದು ಒಳಗಡೆ ನಾಲ್ಕು ಚೌಕ ಅಂಟಿಸಿದೆ. ಪೂರ್ತಿ ಮುಚ್ಚಬೇಕಿಲ್ಲ, ಶೀಟ್ ಅದುರುವ ಜಾಗಕ್ಕೆ ಸಾಕು. ಅದರ ಮೇಲೆ ಬೆಳ್ಳಿ ಹಾಳೆಯ ಫೋಮ್. ಸದ್ದು ಇಳಿಯಿತು, ಬಿಸಿಯೂ ಇಳಿಯಿತು. ಇದನ್ನು ಶೆಡ್ಡಿನವರೇ ಮಾಡಿಕೊಡಬಹುದಿತ್ತು, ಅವರಿಗೆ ಆ ಆಸಕ್ತಿ ಇಲ್ಲ. ಹಿಂದಿನ ಬಲ ಮೂಲೆಯ ರಬ್ಬರ್ ಬೀಡಿಂಗ್ ಬೇಗ ಕಿತ್ತು ಬಂತು, ಒಳಗಿನ ಅಂಚು ಹರಿತ. ಫೋನ್ ಮಾಡಿದ ಮೇಲೆ ಹುಡುಗ ತೋಟಕ್ಕೇ ಬಂದು ಅಂಚು ಮಡಿಸಿ ಹೊಸ ಬೀಡಿಂಗ್ ಹಾಕಿ ಹೋದ. ದುಡ್ಡು ತಗೊಳ್ಳಲಿಲ್ಲ, ಒಂದು ಚೀಲ ಕಾಯಿ ಒಯ್ದ.

ಕಾಯಿ ಬಿದ್ದದ್ದೂ ಆಯಿತು. ಎಡಗಡೆ ಅಂಗೈ ಅಗಲ ತಗ್ಗಾಗಿದೆ, ಬಣ್ಣ ಎದ್ದಿಲ್ಲ, ರಿವೆಟ್ ಸಡಿಲವಾಗಿಲ್ಲ. ಆ ತಗ್ಗನ್ನು ತೆಗೆಸಲ್ಲ. ಟಾರ್ಪಲ್ ಸಲಹೆ ಕೊಟ್ಟವರಿಗೆ ಆಗಾಗ ತೋರಿಸಲು ಬೇಕು. ಕೋತಿಗಳಂತೂ ಟಾಪನ್ನು ತಮ್ಮದೇ ಜಗಲಿ ಮಾಡಿಕೊಂಡಿವೆ, ಅದಕ್ಕೆ ಯಾವ ಮೇಸ್ತ್ರಿಯ ಹತ್ತಿರವೂ ಉಪಾಯ ಇಲ್ಲ.

ಥಾರ್, ಜಿಪ್ಸಿ ಇರುವವರು ಇದನ್ನು ಓದಿ ಹಾಗೇ ಹೊರಡಬೇಡಿ. ರಸ್ತೆಗೆ ರಿಜಿಸ್ಟರ್ ಆದ ಗಾಡಿಯ ರೂಪ ಬದಲಿಸಲು ಮೋಟಾರು ವಾಹನ ಕಾಯ್ದೆ, 1988ರ ಸೆಕ್ಷನ್ 52 ಅಡ್ಡ ಬರುತ್ತದೆ. ಮೊದಲು ಆರ್‌ಟಿಒದಲ್ಲಿ ಕೇಳಿ. ನಮ್ಮದು ತೋಟದ ಬೇಲಿ ದಾಟದ ಗಾಡಿ.

ಖರ್ಚು ಶೀಟ್, ಫ್ರೇಮ್, ಕ್ಲ್ಯಾಂಪ್, ಬೆಂಡಿಂಗ್, ಬಣ್ಣ ಎಲ್ಲ ಸೇರಿ 18 ಸಾವಿರದ ಹತ್ತಿರ. ಪಿಕಪ್ ಬಾಡಿಗೆ, ಬ್ಯೂಟೈಲ್ ಬೇರೆ. ಮೇಸ್ತ್ರಿ ಅರ್ಧ ಅಡ್ವಾನ್ಸ್ ಕೇಳುತ್ತಾರೆ. ಶೀಟಿನ ದುಡ್ಡು ಮಾತ್ರ ಮೊದಲು ಕೊಡಿ, ಉಳಿದದ್ದು ಗಾಡಿಗೆ ಕೂರಿಸಿದ ಮೇಲೆ. ಜಿಎಸ್‌ಟಿ ಬಿಲ್ ಬೇಕಿದ್ದರೆ ರೇಟ್ ಮಾತಾಡುವಾಗಲೇ ಹೇಳಿ, ಆಮೇಲೆ ಹೇಳಿದರೆ ರೇಟೇ ಬೇರೆಯಾಗುತ್ತದೆ. ಭಾನುವಾರ ಶೆಡ್ ತೆರೆದಿರುತ್ತದೆ, ಬೆಂಡಿಂಗ್ ಅಂಗಡಿ ಇರಲ್ಲ, ಹಾಗಾಗಿ ಅವತ್ತು ಹೋಗಿ ಪ್ರಯೋಜನ ಇಲ್ಲ.