ಎರಡ್ ಬ್ಲೇಡೋ ಮೂರೋ ನಾಕೋ? ಇಂಡ್ಯೂಸರ್ ತಿರುಗ್ಸಿ ನೋಡಿದ್ದು

ಇಂಡ್ಯೂಸರ್ ಅಂದ್ರ ಪಂಪಿನಾಗ ನೀರು ದೂಡೋ ಇಂಪೆಲ್ಲರ್ (ಬ್ಲೇಡಿನ ಚಕ್ರ) ಮುಂದ ಕೂಡ್ಸೋ ಸ್ಕ್ರೂನಂಥಾದ್ದು, ನೀರಿಗಿ ಮೊದ್ಲೇ ಸ್ವಲ್ಪ ಒತ್ತಡ ಕೊಟ್ಟು ಕಳಸ್ತದ, ಇಂಪೆಲ್ಲರ್‌ನಾಗ ಒತ್ತಡ ಇಳದು ನೀರು ಆವಿಯಾಗಿ ಗುಳ್ಳಿ (ಕ್ಯಾವಿಟೇಶನ್) ಏಳಬಾರ್ದಂತ. ಆದ್ರ ಗುಳ್ಳಿ ಇಂಡ್ಯೂಸರ್ ಮ್ಯಾಲೇ ಎದ್ದು ಕುಣಿಲಿಕ್ಕತ್ರ? ಕಲಬುರಗಿ ಒಳಗ ನಮ್ ಕಾಲೇಜ್ ಲ್ಯಾಬಿನಾಗ 3 ಎಚ್‌ಪಿ ಮೋಟರ್, ಅಕ್ರಿಲಿಕ್ ಪೈಪ್, 3ಡಿ ಪ್ರಿಂಟ್ ಮಾಡಿದ್ದ ಮೂರು ಇಂಡ್ಯೂಸರ್ (ಎರಡ್, ಮೂರ್, ನಾಕ್ ಬ್ಲೇಡಿನವು) ಇಟ್ಕೊಂಡು, ಟ್ಯಾಂಕಿನ ಗಾಳಿ ಎಳದು ಒತ್ತಡ ಇಳಸ್ಕೋತ ಹೋದ್ವಿ. ಮೇ ತಿಂಗಳು ಬ್ಯಾರೆ. ನೀರಿನ ಆವಿ ಒತ್ತಡ 25 ಡಿಗ್ರಿಗಿ 3.2 ಕಿಲೋಪಾಸ್ಕಲ್ ಇದ್ದದ್ದು 40ಕ್ಕ 7.4 ಆಗ್ತದ, ಮಧ್ಯಾಹ್ನದ ರೀಡಿಂಗ್ ಮುಂಜಾನೆದ್ದಕ್ಕ ಹೊಂದಲೇ ಇಲ್ಲ, ಆಮ್ಯಾಲ ಎಲ್ಲಾ ಟೆಸ್ಟ್ ಮುಂಜಾನೆ 7ಕ್ಕೇ.

ಎರಡ್ ಬ್ಲೇಡಿಂದು ಕೇಳಬ್ಯಾಡ್ರಿ. ಒಂದ್ ಬ್ಲೇಡಿಗಿ ಉದ್ದ ಗುಳ್ಳಿ, ಇನ್ನೊಂದಕ್ಕ ಗಿಡ್ಡ, ತೂಕ ಒಂದೇ ಕಡಿ ಬಿದ್ದಂಗಾಗಿ ಶಾಫ್ಟ್ ಗಡಗಡ ಅಂತು.

ನಾಕ್ ಬ್ಲೇಡಿಂದೂ ಉದ್ದ-ಗಿಡ್ಡ-ಉದ್ದ-ಗಿಡ್ಡ ಆಯ್ತು, ಆದ್ರ ಎದರಾಬದರಾ ಸಮ ಇರೋದ್ರಿಂದ ಶಾಫ್ಟ್ ಸುಮ್ನಿತ್ತು. ನಾ ಇದೇ ಗೆಲ್ತದ ಅನ್ಕೊಂಡಿದ್ದೆ, ಖರೇ ಹೇಳ್ತೀನಿ. ಆದ್ರ ಬ್ಲೇಡಿನ ನಡುವಿನ ಜಾಗಾ ಸಣ್ಣದು, ಗುಳ್ಳಿ ತುಂಬಿ ದಾರಿ ಕಟ್ತು, ಹೆಡ್ (ಪಂಪ್ ನೀರು ಎತ್ತೋ ತಾಕತ್ತು) ಮೂರ್ ಬ್ಲೇಡಿನದ್ದಕ್ಕಿಂತ ಮೊದ್ಲೇ ಬಿತ್ತು.

ಮೂರ್ ಬ್ಲೇಡ್‌ನಾಗ ಉದ್ದ-ಗಿಡ್ಡದ ಜೋಡಿ ಕೂಡೋದೇ ಇಲ್ಲ, ಬೆಸ ಸಂಖ್ಯಾ ನೋಡ್ರಿ. ಹಂಗಂತ ಆರಾಮಿತ್ತಾ ಅಂದ್ರ ಇಲ್ಲ. ಪಂಚಮಿಗಿ ಜೋಳದ ಅರಳು ಹುರದಂಗ ಸಪ್ಪಳ ಶುರು ಆಗಿ, ಮೋಟರ್ ಸೆಕೆಂಡಿಗಿ 47 ಸುತ್ತು ತಿರುಗ್ತಿದ್ರ ನಡುಕ ಸೆಕೆಂಡಿಗಿ 54 ಸಲ ಬಂತು, ಮೊದ್ಲು ಕರೆಂಟಿನ 50 ಹರ್ಟ್ಜ್ ಇರಬೇಕು, ಫೋನಿನ ಸೆನ್ಸರ್ ತಪ್ಪು ತೋರಸ್ತದ ಅಂತ ಬೈಕೊಂಡ್ವಿ, ಸ್ಟ್ರೋಬ್ (ಮಿಣಮಿಣ ಹೊಡಿಯೋ ದೀಪ) ಹಾಕಿ ನೋಡಿದ್ರ ಉದ್ದನ್ ಗುಳ್ಳಿ ಒಂದ್ ಬ್ಲೇಡಿಂದ ಮುಂದಿನ ಬ್ಲೇಡಿಗಿ ದಾಟ್ಕೋತ ಶಾಫ್ಟಿಗಿಂತ ಜೋರಾಗಿ ಓಡ್ತಿತ್ತು. ರೋಟೇಟಿಂಗ್ ಕ್ಯಾವಿಟೇಶನ್! ಜಪಾನಿನ ಎಚ್-2 ರಾಕೆಟ್ 1999ರ ನವೆಂಬರ್ 15ಕ್ಕ ಬಿದ್ದಾಗ ಸುಮಾರು 3,000 ಮೀಟರ್ ಆಳದ ಸಮುದ್ರದಿಂದ ಇಂಜಿನ್ ಎತ್ತಿ ನೋಡಿದ್ರು, ಹೈಡ್ರೋಜನ್ ಪಂಪಿನ ಇಂಡ್ಯೂಸರ್ ಬ್ಲೇಡ್ ಇಂಥಾ ನಡುಕಕ್ಕೇ ದಣದು ಮುರದಿತ್ತು.

ಅದೇ ದೇಶದವ್ರ ಉಪಾಯನೇ ಮಾಡಿದ್ವಿ, ಇಂಡ್ಯೂಸರ್ ಬಾಯಿ ಹತ್ರ ಕೇಸಿಂಗ್ ಒಂಚೂರು ಅಗಲ. 54 ಮಾಯ. ಹೆಡ್ ಒಂದೀಟು ಕಮ್ಮಿ ಆಯ್ತು, ನಡೀತದ, ನಾ ಮೂರ್ ಬ್ಲೇಡಿಂದನ್ನೇ ಆರಿಸ್ದೆ.

ಆದ್ರ ವಾಲ್ವ್ ಭಾಳ ಒತ್ತಿ ಫ್ಲೋ ಇಳಸಿದ್ರ ಬ್ಲೇಡಿನ ತುದಿಯಿಂದ ನೀರು ಹೊಳ್ಳಿ ಹಿಂದಕ್ಕ ಬರ್ತದ, ಅಲ್ಲಿ ಮೂರೂ ಇಂಡ್ಯೂಸರಿಗಿ ಒಂದೇ ಗತಿ.