ಮೂರು ಫಾಂಟ್, ಒಂದು ಲಗ್ನಪತ್ರಿಕೆ

ಅಕ್ಕನ ಮಗಳ ಲಗ್ನಪತ್ರಿಕೆಯನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂತು. ಇಂಗ್ಲಿಷ್ ಭಾಗಕ್ಕೆ ನಿಲುಗೆರೆ ದಪ್ಪವಾಗಿ, ಅಡ್ಡಗೆರೆ ಕೂದಲೆಳೆಯಷ್ಟು ತೆಳ್ಳಗಿರುವ, ಗೆರೆಗಳ ತುದಿಯಲ್ಲಿ ಪುಟ್ಟ ಅಡ್ಡಪಟ್ಟಿಯಿರುವ ಸೆರಿಫ್ ಅಕ್ಷರವೇ ಆಗಬೇಕೆಂದು ನನ್ನ ಆಸೆ. ಡಿಡೊ, ಬೊಡೊನಿ ಮೋಡಾ, ಪ್ಲೇಫೇರ್ ಡಿಸ್‌ಪ್ಲೇ ಎಂಬ ಮೂರು ಫಾಂಟ್‌ಗಳಲ್ಲೂ ಒಂದೇ ಒಕ್ಕಣೆಯನ್ನು ಜೋಡಿಸಿದೆ. ಮುಂಬಯಿಯ ಮಾಟುಂಗಾದಿಂದ ಲೋವರ್ ಪರೇಲಿನ ಮುದ್ರಣಾಲಯಕ್ಕೆ ಹೋಗಿ, ನುಣುಪಾದ ಆರ್ಟ್ ಪೇಪರಿನ ಮೇಲೂ ಒರಟು ಮೈಯ ಕಾಗದದ ಮೇಲೂ ಮಾದರಿ ತೆಗೆಸಿದೆ.

ವಧೂವರರ ಹೆಸರು 48 ಪಾಯಿಂಟಿನಲ್ಲಿ (ಪಾಯಿಂಟ್ ಎಂದರೆ ಅಕ್ಷರ ಗಾತ್ರದ ಅಳತೆ) ಇದ್ದಾಗ ಡಿಡೊಗೆ ಸಾಟಿಯಿಲ್ಲ. ಆ ಗಾಂಭೀರ್ಯ ಉಳಿದೆರಡಕ್ಕೂ ಬರಲಿಲ್ಲ. ಆದರೆ ಸಭಾಂಗಣದ ವಿಳಾಸವನ್ನು 9 ಪಾಯಿಂಟಿಗೆ ಇಳಿಸಿದಾಗ ಒರಟು ಕಾಗದದಲ್ಲಿ ತೆಳುಗೆರೆಗಳು ಅಲ್ಲಲ್ಲಿ ಕಡಿದುಹೋಗಿ, ಅಕ್ಷರಗಳ ಬದಲು ಬಿಡಿ ಕಂಬಗಳ ಸಾಲು ಉಳಿಯಿತು. ಕುಂಕುಮಗೆಂಪು ಹಿನ್ನೆಲೆಯ ಬಿಳಿ ಅಕ್ಷರಗಳ ಪಾಡು ಇನ್ನೂ ಕಷ್ಟ. ಆ ಕೆಂಪು ಹಲವು ಶಾಯಿಗಳ ಬೆರಕೆ. ಒಂದು ಶಾಯಿ ಕೂದಲೆಳೆಯಷ್ಟು ಸರಿದರೂ ಬಿಳಿ ಗೆರೆ ಮುಚ್ಚಿಹೋಗುತ್ತದೆ.

ಸೀಸದ ಮೊಳೆಗಳ ಕಾಲದಲ್ಲಿ ಈ ತೊಂದರೆಗೆ ಪರಿಹಾರವಿತ್ತು. ಪ್ರತಿ ಗಾತ್ರಕ್ಕೂ ಅಚ್ಚನ್ನು ಬೇರೆಯಾಗಿಯೇ ಕೆತ್ತುತ್ತಿದ್ದರು, ಚಿಕ್ಕ ಗಾತ್ರದಲ್ಲಿ ತೆಳುಗೆರೆಗೆ ತುಸು ಮೈ ತುಂಬುತ್ತಿದ್ದರು. ಇಟಲಿಯ ಪಾರ್ಮಾದಲ್ಲಿ ರಾಜಮುದ್ರಣಾಲಯ ನಡೆಸಿದ ಜಾಂಬತ್ತಿಸ್ತಾ ಬೊಡೊನಿ ಹೀಗೆ ಕೆತ್ತಿದ ಅಕ್ಷರಗಳ ದೊಡ್ಡ ಸಂಪುಟವನ್ನು, ಅವನು ತೀರಿಕೊಂಡ ಐದು ವರ್ಷಗಳ ನಂತರ, 1818ರಲ್ಲಿ ಅವನ ಹೆಂಡತಿ ಹೊರತಂದಳು. ಬೊಡೊನಿ ಮೋಡಾ ನನಗೆ ಪ್ರಿಯವಾದದ್ದು ಆ ಹಳೆಯ ವಿವೇಕವನ್ನು ಉಳಿಸಿಕೊಂಡಿರುವುದರಿಂದ. 6ರಿಂದ 96 ಪಾಯಿಂಟಿನವರೆಗೆ ಗಾತ್ರಕ್ಕೆ ತಕ್ಕಂತೆ ಅದರ ಗೆರೆಯ ದಪ್ಪವನ್ನು ಹೊಂದಿಸಬಹುದು. ಅದೇ ವಿಳಾಸ, ಅದೇ ಒರಟು ಕಾಗದ, ಅದೇ 9 ಪಾಯಿಂಟ್: ಒಂದಕ್ಷರವೂ ಮುರಿಯಲಿಲ್ಲ. ಅಕ್ಕ ಕನ್ನಡಕವಿಲ್ಲದೆ ಓದಿದಳು.

ಪ್ಲೇಫೇರ್ 2011ರದು, ಉಚಿತ. ಅದರ ಇಂಗ್ಲಿಷ್ ಸಣ್ಣಕ್ಷರಗಳ (a, x ಮುಂತಾದವುಗಳ) ಮೈ ಎತ್ತರವಾದ್ದರಿಂದ ನಮ್ಮ ದುಂಡನೆಯ ಕನ್ನಡದ ಪಕ್ಕದಲ್ಲಿ ಅದು ಕುಗ್ಗಿದಂತೆ ಕಾಣುವುದಿಲ್ಲ. ಈ ಗುಣ ಬೊಡೊನಿಗಿಲ್ಲ. ಆದರೆ ಪ್ಲೇಫೇರಿನ ಅಂಕಿಗಳು ತಾವಾಗಿ ಹಳೆಯ ಶೈಲಿಯಲ್ಲಿ ಬರುತ್ತವೆ. 27 ಎಂದು ಬರೆದರೆ 7 ಸಾಲಿನ ಕೆಳಗೆ ಇಳಿಯುತ್ತದೆ. ದಿನಾಂಕ, ಮುಹೂರ್ತ, ದೂರವಾಣಿ ಸಂಖ್ಯೆ ತುಂಬಿದ ಪತ್ರಿಕೆಯಲ್ಲಿ ಅದು ಕಣ್ಣಿಗೆ ಚುಚ್ಚುತ್ತದೆ. ಸಮ ಎತ್ತರದ ಅಂಕಿಗಳೂ ಅದರೊಳಗಿವೆ, ಹುಡುಕಿ ಆರಿಸಬೇಕು.

ಕೊನೆಗೆ ಇಂಗ್ಲಿಷ್ ಪೂರ್ತಿ ಬೊಡೊನಿ ಮೋಡಾದಲ್ಲಿ, ಕನ್ನಡದ ಪಕ್ಕ ಮೈ ಸರಿದೂಗಲೆಂದು ಒಂದು ಪಾಯಿಂಟ್ ಹಿಗ್ಗಿಸಿ, ಅಚ್ಚಾಯಿತು. ಕನ್ನಡಕ್ಕೆ ಸಾಹಿತ್ಯ ಗ್ರಂಥಗಳ ಮುದ್ರಣಕ್ಕೆಂದು ರೂಪಿಸಿದ ಟಿರೊ ಕನ್ನಡ ಎಂಬ ಫಾಂಟ್. ಅದರಲ್ಲಿ ದಪ್ಪಕ್ಷರವಿಲ್ಲ, ಆದ್ದರಿಂದ ಹೆಸರುಗಳನ್ನು ಗಾತ್ರದಿಂದಲೇ ಎತ್ತಿ ತೋರಿಸಿದೆ. ಒತ್ತಕ್ಷರಗಳು ಕೆಳಸಾಲಿಗೆ ತಾಗದಂತೆ ಸಾಲುಗಳ ನಡುವೆ ಇನ್ನಷ್ಟು ಜಾಗ ಬಿಟ್ಟೆ.