ಯುಲಿಸಿಸ್: ಮೂರು ಪ್ರತಿ, ಒಂದು ಟೆಲಿಗ್ರಾಂ

ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ ಕಾದಂಬರಿ ನನ್ನ ಹತ್ತಿರ ಮೂರು ಬೇರೆ ಬೇರೆ ಆವೃತ್ತಿಗಳಲ್ಲಿದೆ: ಪೆಂಗ್ವಿನ್, ಆಕ್ಸ್‌ಫರ್ಡ್ ವರ್ಲ್ಡ್ಸ್ ಕ್ಲಾಸಿಕ್ಸ್, ಮತ್ತು ಹಾನ್ಸ್ ವಾಲ್ಟರ್ ಗಾಬ್ಲರ್ ಸಂಪಾದಿಸಿದ್ದು. ಎರಡು ಸಲ ನಡುವೆ ಬಿಟ್ಟು ಮೂರನೆಯ ಸಲ ಪೂರ್ತಿ ಓದಿದೆ. ಯಾವುದನ್ನು ಕೊಳ್ಳಲಿ ಎಂದು ಕೇಳುವವರಿಗೆ ಹೇಳುವಷ್ಟು ಈಗ ಗೊತ್ತಾಗಿದೆ.

ಹಳಗನ್ನಡ ಕಾವ್ಯಗಳಿಗೆ ಪಾಠಾಂತರ ಇರುವುದು ನಮಗೆ ಹೊಸದಲ್ಲ. ಓಲೆಗರಿ ನಕಲಾಗುವಾಗ ಅಕ್ಷರ ಬದಲಾಗುತ್ತದೆ. ಆದರೆ 1922ರಲ್ಲಿ, ಲೇಖಕ ಕಣ್ಣೆದುರೇ ಇದ್ದಾಗ ಅಚ್ಚಾದ ಪುಸ್ತಕಕ್ಕೂ ಅದೇ ಗತಿ ಬಂತು. ಪ್ಯಾರಿಸ್ಸಿನಲ್ಲಿ ಸಿಲ್ವಿಯಾ ಬೀಚ್ ಪ್ರಕಟಿಸಿದಳು, ಮೊಳೆ ಜೋಡಿಸಿದವರು ದಿಜಾನ್ ಊರಿನ ಫ್ರೆಂಚ್ ಮುದ್ರಣಾಲಯದವರು. ಜಾಯ್ಸ್ ಪ್ರೂಫಿನ ಅಂಚಿನಲ್ಲೇ ಹೊಸ ಹೊಸ ಸಾಲು ಬರೆದು ಸೇರಿಸುತ್ತ ಹೋದ. ತಪ್ಪುಗಳು ಉಳಿದವು, ತಿದ್ದುವಾಗ ಇನ್ನಷ್ಟು ಸೇರಿಕೊಂಡವು.

ಆಕ್ಸ್‌ಫರ್ಡ್‌ನದು ಆ 1922ರ ಪುಟಗಳದೇ ಪಡಿಯಚ್ಚು. ಪೆಂಗ್ವಿನ್‌ನದು ಬಾಡ್ಲಿ ಹೆಡ್ ಎಂಬ ಪ್ರಕಾಶನದ 1960ರ ಪಾಠ. ಗಾಬ್ಲರ್ ಹಸ್ತಪ್ರತಿಯಿಂದ ಶುರುಮಾಡಿ 1984ರಲ್ಲಿ ಮೂರು ಸಂಪುಟ ತಂದ. ಸಾಮಾನ್ಯ ಓದುಗರ ಪ್ರತಿ ಬಂದದ್ದು 1986ರಲ್ಲಿ.

ವ್ಯತ್ಯಾಸ ನಿಜವಾಗಿ ಕಂಡದ್ದು ಮೂರನ್ನೂ ಪಕ್ಕಪಕ್ಕ ತೆರೆದಿಟ್ಟಾಗ. ಮೂರನೆಯ ಅಧ್ಯಾಯದಲ್ಲಿ ಸ್ಟೀಫನ್ ಎಂಬ ತರುಣ ಕಡಲ ದಂಡೆಯಲ್ಲಿ ನಡೆಯುತ್ತ, ಪ್ಯಾರಿಸ್ಸಿನಲ್ಲಿದ್ದಾಗ ಅಪ್ಪ ಕಳಿಸಿದ ಟೆಲಿಗ್ರಾಂ ನೆನೆಯುತ್ತಾನೆ. ಅಮ್ಮ ಸಾಯುತ್ತಿದ್ದಾಳೆ, ಮನೆಗೆ ಬಾ ಎಂಬ ಸುದ್ದಿ. ಅದು ನಾಲ್ಕು ಜನಕ್ಕೆ ತೋರಿಸುವಂಥ ವಿಚಿತ್ರ ವಸ್ತು ಎನ್ನುತ್ತಾನೆ. ಪೆಂಗ್ವಿನ್, ಆಕ್ಸ್‌ಫರ್ಡ್ ಎರಡರಲ್ಲೂ ‘ಮದರ್’ ಎಂದಿದೆ. ತಾಯಿಯ ಸಾವಿನ ಸುದ್ದಿಯಲ್ಲಿ ವಿಚಿತ್ರವೇನು ಎಂದು ಮೊದಲ ಓದಿನಲ್ಲಿ ನನಗೆ ಹೊಳೆಯಲೇ ಇಲ್ಲ. ಗಾಬ್ಲರ್ ಪ್ರತಿಯಲ್ಲಿ ಅಲ್ಲಿರುವುದು ‘ನದರ್’. ಟೆಲಿಗ್ರಾಂ ಅಕ್ಷರದಲ್ಲೇ ತಪ್ಪಿತ್ತು! ಜಾಯ್ಸ್ ಬೇಕೆಂದೇ ಇಟ್ಟ ಆ ತಪ್ಪನ್ನು ಅಚ್ಚುಮನೆ ಒಳ್ಳೆಯ ಮನಸ್ಸಿನಿಂದ ತಿದ್ದಿತ್ತು. ಒಂದೇ ಅಕ್ಷರ, ಆದರೆ ಅಮ್ಮನ ಸಾವು ಆ ಹುಡುಗನ ಕೈಗೆ ಅಂಥ ಕಾಗದದಲ್ಲಿ ಬಂತು ಎಂಬುದು ತಿಳಿದ ಮೇಲೆ ಆ ಪುಟ ಮೊದಲಿನಂತೆ ಉಳಿಯುವುದಿಲ್ಲ. ಬರೀ ಇದಕ್ಕಾಗಿಯೇ ಗಾಬ್ಲರ್‌ಗೆ ಋಣಿ.

ಒಂಬತ್ತನೆಯ ಅಧ್ಯಾಯದ ವಿಷಯದಲ್ಲಿ ಮಾತ್ರ ನಾನು ಅವನ ಕಡೆಗಿಲ್ಲ. ಅದಕ್ಕೂ ಮುಂದಿನ ಅಧ್ಯಾಯವೊಂದರಲ್ಲಿ ಸ್ಟೀಫನ್ ಸತ್ತ ತಾಯಿಯ ನೆರಳನ್ನು ಕೇಳುತ್ತಾನೆ: ಎಲ್ಲರಿಗೂ ಗೊತ್ತಿರುವ ಆ ಪದ ಯಾವುದು, ಹೇಳು. ಅವಳು ಆ ಪದ ಹೇಳುವುದಿಲ್ಲ. ಹಸ್ತಪ್ರತಿಯಲ್ಲಿದ್ದು ಅಚ್ಚಿಗೆ ಬಾರದ ಕೆಲವು ಸಾಲನ್ನು ಗಾಬ್ಲರ್ ಒಂಬತ್ತನೆಯದಕ್ಕೆ ಮರಳಿ ಸೇರಿಸಿದ, ಅದರಲ್ಲಿ ಉತ್ತರ ಇದೆ: ಪ್ರೀತಿ. ಟೈಪು ಮಾಡುವಾಗ ಬಿಟ್ಟುಹೋಯಿತೋ, ಜಾಯ್ಸ್ ತಾನೇ ತೆಗೆದನೋ, ವಿದ್ವಾಂಸರಲ್ಲಿ ಜಗಳವಿದೆ. ಉತ್ತರ ಮೊದಲೇ ಸಿಕ್ಕಿದರೆ ಆಮೇಲಿನ ಪ್ರಶ್ನೆಯ ಸಂಕಟ ಇಳಿದುಹೋಗುತ್ತದೆ ಎಂಬುದು ನನ್ನ ಅನುಭವ. 1988ರಲ್ಲಿ ಜಾನ್ ಕಿಡ್ ಎಂಬ ವಿದ್ವಾಂಸ ಗಾಬ್ಲರ್ ಮೇಲೆ ದೊಡ್ಡ ದಾಳಿಯನ್ನೇ ಮಾಡಿದ. ಡಬ್ಲಿನ್ನಿನಲ್ಲಿ ನಿಜವಾಗಿ ಇದ್ದ ಥ್ರಿಫ್ಟ್ ಎಂಬವನ ಹೆಸರು ಗಾಬ್ಲರ್ ಪ್ರತಿಯಲ್ಲಿ ಶ್ರಿಫ್ಟ್ ಆಗಿಬಿಟ್ಟಿತ್ತು. ಅಂಥ ತಪ್ಪುಗಳಿಗೆ ಸಮರ್ಥನೆ ಇಲ್ಲ.

ಆದರೂ ದಿನದಿನದ ಓದಿಗೆ ನಾನು ಎತ್ತಿಕೊಳ್ಳುವುದು ಗಾಬ್ಲರ್ ಪ್ರತಿಯನ್ನೇ, ಸಾಲಿನ ಸಂಖ್ಯೆಗಾಗಿ. ಡಾನ್ ಗಿಫರ್ಡ್‌ನ ಟಿಪ್ಪಣಿ ಪುಸ್ತಕದ ಎರಡನೆಯ ಆವೃತ್ತಿ ಇದೇ ಸಂಖ್ಯೆಗಳನ್ನು ಹಿಡಿದು ನಡೆಯುತ್ತದೆ. ಲ್ಯಾಟಿನ್ ಪ್ರಾರ್ಥನೆ, ಐರಿಷ್ ಹಾಡು ಎದುರಾದಾಗ ಬೆರಳಿಟ್ಟು ಹುಡುಕಿ ಮತ್ತೆ ಅದೇ ಸಾಲಿಗೆ ಬರಬಹುದು. ಇಂಗ್ಲಿಷನ್ನು ಶಾಲೆಯಲ್ಲಿ ಕಲಿತ ನಮ್ಮಂಥವರಿಗೆ ಇದು ಸಣ್ಣ ಅನುಕೂಲವಲ್ಲ. ಎರಡು ಪುಸ್ತಕ ಹೊರಲಾಗದವರು ಆಕ್ಸ್‌ಫರ್ಡ್ ತೆಗೆದುಕೊಳ್ಳಲಿ: ಜೆರಿ ಜಾನ್ಸನ್ ಬರೆದ ಟಿಪ್ಪಣಿಗಳು ಹಿಂದೆಯೇ ಇವೆ, ಹಳೆಯ ಅಚ್ಚಿನ ಅಕ್ಷರಕ್ಕೆ ಕಣ್ಣು ಹೊಂದಬೇಕಷ್ಟೆ. ಪೆಂಗ್ವಿನ್‌ನಲ್ಲಿ ಡೆಕ್ಲನ್ ಕೈಬರ್ಡ್‌ನ ಪ್ರಸ್ತಾವನೆ ಬಹಳ ಚೆನ್ನ, ಆದರೆ ನನ್ನ ಪ್ರತಿಯಲ್ಲಿ ಟಿಪ್ಪಣಿ ಇಲ್ಲ. ಎರಡನೆಯ ಓದಿಗೆ, ತಡೆಯಿಲ್ಲದೆ ದನಿ ಕೇಳುತ್ತ ಹೋಗಲು ಅದು ಹಿತ.

ಕೇಂಬ್ರಿಜ್ 2022ರಲ್ಲಿ ತಂದ ಶತಮಾನೋತ್ಸವ ಪ್ರತಿ 1922ರ ಪುಟವನ್ನೂ ಅಡಿಟಿಪ್ಪಣಿಯನ್ನೂ ಒಟ್ಟಿಗೆ ಕೊಡುತ್ತದೆ. ಮೇಜಿನ ಮೇಲಿಟ್ಟೇ ಓದಬೇಕು, ಅಷ್ಟು ಭಾರ.

ಅಗ್ಗದ ಮರುಮುದ್ರಣ ಕೈಗೆ ಬಂದರೆ ಹದಿನೇಳನೆಯ ಅಧ್ಯಾಯದ ಕೊನೆ ತೆರೆದು ನೋಡಿ. ‘ಎಲ್ಲಿ?’ ಎಂಬ ಪ್ರಶ್ನೆಗೆ ಉತ್ತರವಾಗಿ ಅಲ್ಲಿ ಒಂದು ದಪ್ಪ ಕಪ್ಪು ಚುಕ್ಕೆ ಇರಬೇಕು. ಕೆಲವು ಮುದ್ರಣಗಳಲ್ಲಿ ಅದು ಮಾಯವಾಗಿದೆ. ಚುಕ್ಕೆ ಇಲ್ಲದಿದ್ದರೆ ಪುಸ್ತಕವನ್ನು ಅಲ್ಲೇ ಇಟ್ಟುಬಿಡಿ.